ಹಳೇದು ಕೊಟ್ಟರೆ ಹೊಸದು

ಭಾವನ ಬೆನ್ನಿನಿಂದ ಅಕ್ಕ ನೋವು ತಗ್ಗಿಸಲು ಅಂಟಿಸಿದ್ದ ಮದ್ದಿನ ಪಟ್ಟಿ ಕಿತ್ತದ್ದು ಶನಿವಾರ ಬೆಳಿಗ್ಗೆ. ಅದರಲ್ಲಿ ಇನ್ನೂ ಒಂದು ದಿನದ ಮದ್ದಿತ್ತು. ಏನು ಮಾಡುವುದು? ಆಸ್ಪತ್ರೆಯ ಔಷಧಿ ಕೌಂಟರ್ ಭಾನುವಾರ ತೆರೆಯುವುದಿಲ್ಲ. ಹಳೇ ಪಟ್ಟಿ ಒಪ್ಪಿಸದೆ ಹೊಸದು ಕೊಡುವುದಿಲ್ಲ. ಅಮಲಿನ ಮದ್ದು, ಕಳ್ಳರ ಕೈಗೆ ಸಿಗಬಾರದಂತೆ. ಮೂಳೆಗೆ ಕ್ಯಾನ್ಸರ್ ಇಳಿದು ಮಗ್ಗುಲು ಬದಲಿಸಲೂ ಆಗದ ನನ್ನ ಭಾವ ಇವರ ಕಣ್ಣಿಗೆ ಕಳ್ಳ.

"ಬೇಗ ಬಂದ್ಬಿಡ್ತೀವಿ ರೀ," ಎಂದಳು ಅಕ್ಕ.

"ನಿಧಾನಕ್ಕೆ ಬನ್ನಿ. ನಾನೇನು ಓಡಿ ಹೋಗ್ತೀನಾ?" ಭಾವ ನಕ್ಕರು. ಪಟ್ಟಿ ಶುರುವಾದ ಮೇಲೆ ಅವರಿಗೆ ತಮಾಷೆ ಮಾಡುವಷ್ಟು ಜೀವ ಬಂದಿತ್ತು.

ಕೌಂಟರಿನವನು ಮೊದಲು ಕಬ್ಬಿಣದ ಡಬ್ಬಿ ತೋರಿಸಿದ. ಮೇಲೊಂದು ಸೀಳು, ಪಕ್ಕಕ್ಕೆ ಎರಡು ಬೀಗ. ಅಕ್ಕ ಕವರಿನಲ್ಲಿದ್ದ ಹಳೇ ಪಟ್ಟಿಯನ್ನು ಒಳಗೆ ಹಾಕಿದಳು. ಆಮೇಲೆ ಆ ಮಹಾನುಭಾವ ಚೀಟಿ ಓದಿದ.

"ಡಾಕ್ಟರ ಸೀಲ್ ಇಲ್ವಲ್ಲಮ್ಮ."

"ಸೈನ್ ಇದ್ಯಲ್ಲಣ್ಣ?"

"ಸೈನ್ ಯಾರು ಬೇಕಾದ್ರೂ ಗೀಚ್ತಾರೆ. ಸೀಲ್ ಹಾಕಿಸ್ಕೊಂಡ್ ಬನ್ನಿ."

"ಡಾಕ್ಟರು ಊರಲ್ಲಿಲ್ಲ. ಸೋಮವಾರ ಬರ್ತಾರೆ."

"ಹಾಗಾದ್ರೆ ಸೋಮವಾರ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಕ್ಕ ಡಬ್ಬಿಯನ್ನೇ ನೋಡುತ್ತ, "ಅದನ್ನಾದ್ರೂ ವಾಪಸ್ ಕೊಡಿ. ನಾಳೆವರೆಗೆ ಆಗುತ್ತೆ," ಎಂದಳು.

"ಒಳಗೆ ಬಿದ್ದದ್ದು ಸರ್ಕಾರದ್ದು. ಅಧಿಕಾರಿ ಬಂದು ಎದುರಿಗೇ ಸುಡಿಸ್ತಾರೆ. ಅಲ್ಲಮ್ಮ, ಮದ್ದಿರೋವಾಗ್ಲೇ ಯಾಕೆ ಕಿತ್ರಿ? ನಾನು ಮೇಲಿನವ್ರಿಗೆ ಬರೆದ್ರೆ ನಿಮಗೇ ತೊಂದ್ರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮಪ್ಪ ಹೀಗೆ ಮಲಗಿದ್ರೆ?" ಎಂದು ಕೂಗಿದೆ.

"ನಮ್ಮಪ್ಪ ಆಗಿದ್ರೆ ಸೀಲ್ ಹಾಕಿಸ್ಕೊಂಡೇ ಬರ್ತಿದ್ದೆ," ಎಂದು ಅವನು ಮುಂದಿನವರನ್ನು ಕರೆದ.

ದಾರಿಯಲ್ಲಿ ಅಕ್ಕ ಗಾಯಕ್ಕೆ ಅಂಟಿಸುವ ಸಾದಾ ಪ್ಲಾಸ್ಟರ್ ಕೊಂಡಳು. ಮನೆಗೆ ಬಂದು ಭಾವನ ಬೆನ್ನಿಗೆ ಅಂಟಿಸುವಾಗ ನಾನು ಕೈ ಹಿಡಿದೆ. "ಸುಮ್ನಿರೇ, ಸೋಮವಾರದವರೆಗೆ ಧೈರ್ಯಕ್ಕಾದ್ರೂ ಒಂದಿರ್ಲಿ," ಎಂದು ಪಿಸುಗುಟ್ಟಿದಳು.

ಚರ್ಮದೊಳಗೆ ಉಳಿದಿದ್ದ ಮದ್ದು ಮಧ್ಯಾಹ್ನದವರೆಗೆ ಅವಳ ಸುಳ್ಳಿನ ಮಾನ ಕಾಯಿತು. "ಹೊಸದು ಚೆನ್ನಾಗಿ ಹಿಡೀತು," ಅಂದರು ಭಾವ. ಸಂಜೆಗೆ ದಿಂಬು ಕಚ್ಚತೊಡಗಿದರು. ಹೊದಿಕೆ ತಾಗಿದರೂ ಚೀರುತ್ತಿದ್ದರು. ಅಕ್ಕ ಅವರ ಕಾಲ ಬಳಿ ಕೂತಿದ್ದಳು, ಮುಟ್ಟುವ ಹಾಗಿರಲಿಲ್ಲ.

"ಮದ್ದೂ ನನ್ನ ಕೈಬಿಡ್ತು ಕಣೇ," ಎಂದರು ಭಾವ, ಉಸಿರು ಸಿಕ್ಕಾಗ. "ಸೋಮವಾರ ಹೋಗ್ಬೇಡ. ಇನ್ನು ಯಾಕೆ ಅಲೀತೀಯ?"

ಅಕ್ಕ ಒಡೆದುಹೋದಳು. "ಅದು ಮದ್ದೇ ಅಲ್ಲ ರೀ! ಬರೀ ಪ್ಲಾಸ್ಟರ್. ಅವ್ನು ಕೊಡ್ಲಿಲ್ಲ. ಮದ್ದು ಬಂದ್ರೆ ನೋವು ಹೋಗುತ್ತೆ, ನನ್ನಾಣೆ!"

ಭಾವ ಅವಳನ್ನೇ ನೋಡಿದರು. ಅಷ್ಟು ನೋವಿನಲ್ಲೂ ಅವರಿಗೆ ಅವಳ ಮೇಲೆ ಕರುಣೆ ಬಂತು.

"ನನ್ನ ಸಮಾಧಾನಕ್ಕೆ ಏನೇನೋ ಕತೆ ಕಟ್ಬೇಡ," ಎಂದರು. "ಸುಳ್ಳು ಹೇಳೋಕೆ ನಿನಗೆ ಬರಲ್ಲ ಕಣೇ."