ಹಿಂದಿನ ಸೀಟಿನ ಆಣೆ

ಮತ್ತೆ ಆ ಎಡಗೈ — ಹ್ಯಾಂಡಲ್ ಬಿಟ್ಟು ಕೆಳಗಿಳಿಯಿತು, ತೊಡೆಯ ಪಕ್ಕದಲ್ಲಿ ತೂಗಿತು, ಬೆರಳು ಬಿಚ್ಚಿತು, ಮುಚ್ಚಿತು, ಬಿಚ್ಚಿತು, ಮತ್ತೆ ಹೋಗಿ ಹ್ಯಾಂಡಲ್ ಹಿಡಿಯಿತು, ಜೋಮು ಹಿಡಿದಿರಬೇಕು ಅಷ್ಟೇ, ಹಿಂದೂಪುರ ಬಿಟ್ಟಾಗಿನಿಂದ ಕ್ಲಚ್ ಹಿಡಿದೂ ಹಿಡಿದೂ ಯಾರ ಕೈಗಾದರೂ ಜೋಮು ಬರುತ್ತದೆ ಎಂದು ಹೇಮಾವತಿ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡದ್ದನ್ನು ನಂಬಲಿಲ್ಲ, ಗಂಡನ ಸೊಂಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು, ಬೈಕು ಕಲ್ಲಿನ ಮೇಲೆ ಹಾರಿ ಬಿತ್ತು, ಕೊರಳಿನ ಬೆಳ್ಳಿ ಕರಡಿಗೆ ತನ್ನೆದೆಗೂ ಇವರ ಬೆನ್ನಿಗೂ ನಡುವೆ ಸಿಕ್ಕಿ ಒತ್ತಿತು, ಅದರೊಳಗೆ ಲಿಂಗವಿದೆ, ಆ ಲಿಂಗ ಮುಟ್ಟಿಸಿಯೇ ಅಲ್ಲವೆ ಈ ಮಹಾರಾಯರು ಆಣೆ ಹಾಕಿಸಿಕೊಂಡದ್ದು, ಬೆಂಗಳೂರಿನ ಡಾಕ್ಟರು ಇನ್ನು ಬೈಕ್ ಮುಟ್ಟಬೇಡಿ, ಬೇಗ ಬಂದು ಎದೆಯ ಪರೀಕ್ಷೆ ಮಾಡಿಸಿ ಎಂದ ಮರುದಿನ, ದೇವರ ಕೋಣೆಯಲ್ಲಿ, ಗುಡ್ಡ ಸುತ್ಕಂಡು ಬತ್ತೀನಿ, ಬಂದ ಮ್ಯಾಕೆ ನಾನೇ ಆಸ್ಪತ್ರೆಗೆ ಬತ್ತೀನಿ, ಅಲ್ಲೀಗಂಟ ಯಾರ್ಗೂ ಹೇಳ್ಬ್ಯಾಡ, ನಿನ್ನ ಲಿಂಗ ಮುಟ್ಟಿ ಹೇಳು ಕಣೇ. ಮುಟ್ಟಿದಳು. ಬುದ್ಧಿಗೆ ಏನಾಗಿತ್ತೋ, ಮುಟ್ಟಿಬಿಟ್ಟಳು.

ಹಾಗಾದ್ರೆ ನಾನೂ ಬತ್ತೀನಿ ಎಂದಾಗ ಇವರು ನಕ್ಕಿದ್ದರು, ನೀನಾ, ಸ್ಕೂಟಿ ಮೇಲೆ ಕೂತ್ರೆ ಕಣ್ ಮುಚ್ಕಣೋಳು, ಆದರೂ ಬಂದಳು, ಹಿಂದೆ ಕೂತವಳು ಏನು ಕಾಯುತ್ತಾಳೆ, ಏನು ಹಿಡಿಯುತ್ತಾಳೆ, ಅದನ್ನು ಯೋಚಿಸಲೇ ಇಲ್ಲ, ಮುಂದೆ ರಾಮಾಂಜಿಯ ಬೈಕಿನ ಕೆಂಪು ಧೂಳು, ಗ್ಯಾರೇಜ್ ರಾಮಾಂಜಿ, ಈ ಬೈಕಿನ ಗುಂಪು ಕಟ್ಟಿದವನು ಅವನೇ, ಇವರಿಗೆ ಈ ಹುಚ್ಚು ಹತ್ತಿಸಿದವನೂ ಅವನೇ, ಹಿಂದೆ ಗುಂಪಿನ ಹರಿತಾ, ತನ್ನದೇ ಬೈಕಿನಲ್ಲಿ, ಹುಡುಗಿ ಬಂಡೆಯ ಮೇಲೂ ಅಂಗಳದಲ್ಲಿ ಓಡಿಸಿದ ಹಾಗೆ ಓಡಿಸುತ್ತಾಳೆ — ಬೆಳಿಗ್ಗೆ ಗುಡ್ಡದ ಬುಡದ ಹೋಟೆಲಿನಲ್ಲಿ ಉಗ್ಗಾನಿ ಬಜ್ಜಿ ತಿನ್ನುವಾಗ ಅವಳೇ ಕೇಳಿದ್ದು, ಆಂಟಿ, ಅಂಕಲ್ ಯಾಕೆ ಹಿಂಗೆ ಬೆವರ್ತಾ ಅವ್ರೆ, ತಟ್ಟೆನೂ ಮುಟ್ಟಿಲ್ಲ. ಆಗ ಹೇಳಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಕೈ ತಾನಾಗಿ ಕರಡಿಗೆಗೆ ಹೋಯಿತು, ಮುರಿದರೆ ಇವರಿಗೇ ತಗಲುತ್ತದೆ, ಆಣೆ ಮುರಿದವರಿಗಲ್ಲ, ಹಾಕಿಸಿಕೊಂಡವರಿಗೆ, ಅಜ್ಜಿ ಹಾಗೇ ಹೇಳುತ್ತಿದ್ದಳು, ಹಾಕಿಸಿಕೊಂಡವರೇ ಬಿಟ್ಟೆ ಅನ್ನಬೇಕು, ಬೇರೆ ದಾರಿಯಿಲ್ಲ — ಬಾಯಿಂದ ಬಂದದ್ದು, ಜಾಕೀಟು ಸೆಕೆ ಕಣಮ್ಮ, ಬೆಳಿಗ್ಗೆಯಿಂದ ಅಸಿಡಿಟಿ ಬೇರೆ. ಇವರು ತನ್ನತ್ತ ತಿರುಗಿ ಕಣ್ಣು ಮಿಟುಕಿಸಿದರು. ಕಣ್ಣು ಮಿಟುಕಿಸಿದರು, ಗೆದ್ದವರ ಹಾಗೆ, ಆ ಗಳಿಗೆಯಲ್ಲಿ ಅವಳಿಗೂ ಒಂದಿಷ್ಟು ನಗು ಬಂದಿತ್ತು.

ಈಗ ನಗು ಎಲ್ಲಿದೆ, ದಾರಿ ಎಲ್ಲಿದೆ, ಇದು ದಾರಿಯೇ ಅಲ್ಲ, ಮೇಕೆ ಓಡಾಡಿದ ಜಾಡು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಸೀತಾಫಲದ ಪೊದೆ, ಪೊದೆಯಾಚೆ ಏನೂ ಇಲ್ಲ, ಬರೀ ಗಾಳಿ, ಗಾಳಿಯಲ್ಲಿ ದೂರದ ಗಾಳಿಯಂತ್ರಗಳ ಬಿಳಿ ರೆಕ್ಕೆ ಸುತ್ತುತ್ತವೆ, ನಿಧಾನವಾಗಿ, ಯಾರಿಗೂ ಅವಸರವಿಲ್ಲ, ತನ್ನ ಎದೆ ಮಾತ್ರ ಢವಢವ — ತನ್ನದೋ ಇವರದೋ, ಬೆನ್ನಿಗೆ ಕಿವಿ ಒತ್ತಿದರೆ ಎಂಜಿನ್ನಿನ ಸದ್ದೊಂದೇ ಕೇಳುತ್ತದೆ, ಏನ್ರೀ, ನಿಲ್ಲಿಸ್ರೀ, ಸುಮ್ಕೆ ಕೂತ್ಕ ಕಣೇ, ಇನ್ನೊಂದು ತಿರುವು ಇಳಿದ್ರೆ ಕಲ್ಯಾಣದುರ್ಗದ ರೋಡು ಕಾಣ್ತದೆ, ಆ ದನಿ ಇವರದಲ್ಲ, ತೆಳ್ಳಗಾಗಿದೆ, ಮಾವನವರ ದನಿಯೂ ಕೊನೆಯ ದಿನ ಹೀಗೇ ತೆಳ್ಳಗಾಗಿತ್ತು, ಹೇಮಾ, ಒಂಚೂರು ನೀರು ಕೊಡಮ್ಮ, ಮಂಡಿ ಅಂಗಡಿಯಲ್ಲಿ ಹುಣಸೆಹಣ್ಣಿನ ಮೂಟೆಗೆ ಒರಗಿ ಕೂತಿದ್ದರು ಮಾವ ತೋಟಪ್ಪನವರು, ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು, ಅಂಗೈ ಬಿಚ್ಚಿಕೊಂಡು ಬಿದ್ದಿತ್ತು, ಅದರಲ್ಲಿ ರುಚಿ ನೋಡಲು ಕಿತ್ತುಕೊಂಡ ಹುಣಸೆಹಣ್ಣಿನ ಎಸಳು, ಹಾಗೇ, ಬಾಯಿಗೆ ಹೋಗದೆ. ಅಪ್ಪನಂಗೆ ಮೂಟೆಗೆ ಒರಗಿ ಸಾಯಾಕೆ ನನ್ನ ಕೈಲಿ ಆಗಲ್ಲ ಕಣೇ, ಒಂದ್ಸಲ ಗೊತ್ತಾದ್ರೆ ಮನೇರೆಲ್ಲ ಸೇರಿ ಬೈಕಿನ ಕೀ ಕಿತ್ಕಂಡು ಮೂಲೇಲಿ ಕೂರಿಸ್ತಾರೆ. ಅದಕ್ಕೇ ಆಣೆ. ಅದಕ್ಕೇ ಈ ಗುಡ್ಡ. ಮೂಲೆಯಲ್ಲಾದರೂ ಇರಿ ಅಂತ ಯಾಕೆ ಹೇಳಲಿಲ್ಲ ತಾನು, ಮೂಲೆಯಲ್ಲಿ ಕೂತು ರೇಗಾಡುತ್ತಾ ಇರಿ, ನನ್ನ ಕಣ್ಣೆದುರಿಗೆ ಇರಿ ಅಂತ.

ಕೈ ಇಳಿಯಿತು, ಬಿಚ್ಚಿತು, ಮುಚ್ಚಿತು. ಅವಳು ಹೆಲ್ಮೆಟ್ಟಿನ ಮೇಲೆ ಬಡಿದಳು, ಆಣೆ ಬಿಡ್ರೀ, ಬಿಟ್ಟೆ ಅಂತ ಒಂದ್ ಮಾತು ಅನ್ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಇವರು ತಲೆಯಾಡಿಸಿದರೋ ತಲೆಯೇ ವಾಲಿತೋ, ಇಳಿಜಾರು, ಸಡಿಲ ಜಲ್ಲಿ, ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು, ಮತ್ತೆ ನೆಟ್ಟಗಾಯಿತು, ಮುಂದೆ ರಾಮಾಂಜಿ ತಿರುವಿನಲ್ಲಿ ಮರೆಯಾದ, ಅವನನ್ನು ಕರೆಯಬೇಕು, ಕರೆದರೆ ಯಾಕೆಂದು ಕೇಳುತ್ತಾನೆ, ಕೇಳಿದರೆ ಹೇಳಬೇಕು, ಕರಡಿಗೆ ಒತ್ತುತ್ತಿದೆ, ಶಿವನೇ ನಿನ್ನ ಮುಟ್ಟಿ ಆಡಿದ ಮಾತು, ಸುಳ್ಳಾದರೆ ನನಗೆ ತಟ್ಟಲಿ, ಇವರಿಗೆ ಬೇಡ, ನನಗೆ — ಕೈ ಇಳಿಯಿತು, ಬಿಚ್ಚಿತು, ಹ್ಯಾಂಡಲಿಗೆ ಹೋಗಲಿಲ್ಲ. ರಾಮಾಂಜೀ, ಎಂದು ಕಿರುಚಿದಳು, ಇವರಿಗೆ ಎದೆನೋವೋ, ಎಷ್ಟೋ ದಿನದಿಂದ ಐತೋ, ಬೈಕು ಕೆಮ್ಮಿ ನಿಂತಿತು, ಮೆಲ್ಲಗೆ, ಎಮ್ಮೆ ಮಲಗಿದ ಹಾಗೆ, ಪೊದೆಯ ಮೇಲೆ ವಾಲಿತು, ಅವಳು ಕೆಳಗೆ, ಇವರು ಮೇಲೆ, ಆಕಾಶ ಸುತ್ತಿತು, ಹರಿತಾ ಓಡಿ ಬಂದು ಇವರ ಹೆಲ್ಮೆಟ್ ಕಳಚಿದಳು, ಮುಖ ಬೂದಿ ಬಣ್ಣವಾಗಿದೆ, ರಾಮಾಂಜಿ ಏದುಸಿರು ಬಿಡುತ್ತಾ ಹತ್ತಿ ಬಂದ, ಏಮೈಂದಿ, ಏನಾಯ್ತು ಅತ್ತಿಗೆ, ಸಾವ್ಕಾರಣ್ಣಾ, ಕಣ್ ಬಿಡಣ್ಣಾ, ಡಾಕ್ಟ್ರು ಬೈಕ್ ಬ್ಯಾಡ ಅಂದಿದ್ರು ರಾಮಾಂಜಿ, ನಂಗೆ ಗೊತ್ತಿತ್ತು, ಅಯ್ಯೋ, ಬೆಳಿಗ್ಗೇನೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅತ್ತಿಗೆ.

ಇವರನ್ನು ಹೊತ್ತು ಇಳಿಸಿದ ಮೇಲೆ ಕೆಳಗಿನ ರೋಡಿನಲ್ಲಿ ಜೀಪು ಸಿಕ್ಕಿತು, ಕಡಲೆಕಾಯಿ ಕೀಳಲು ಹೋಗುವ ಹೆಂಗಸರೆಲ್ಲ ಕೇಳುವ ಮುಂಚೆಯೇ ಇಳಿದು ಜಾಗ ಬಿಟ್ಟರು, ಪೋನೀ ಪೋನೀ, ತ್ವರಗಾ ಪೋನೀ, ಬೇಗ ಹೋಗಲಿ ಎಂದು ಒಬ್ಬಾಕೆ ಜೀಪಿನ ಬೆನ್ನಿಗೆ ಬಡಿದಳು, ಈಗ ಇವರ ತಲೆ ಅವಳ ಮಡಿಲಲ್ಲಿ, ಮುಂದೆ ರಾಮಾಂಜಿ ಫೋನಿನಲ್ಲಿ ಯಾರಿಗೋ ಕೂಗುತ್ತಿದ್ದಾನೆ, ಕಲ್ಯಾಣದುರ್ಗದ ಆಸ್ಪತ್ರೆ, ಬಾಗಿಲಿಗೆ ಸ್ಟ್ರೆಚರ್ ತನ್ನಿ, ಹರಿತಾ ಇವರ ಮೂಗಿನ ಹತ್ತಿರ ಬೆರಳು ಹಿಡಿದಿದ್ದಾಳೆ, ಉಸಿರು ಐತೆ ಆಂಟಿ ಅನ್ನುತ್ತಾಳೆ, ಐತೆ ಅನ್ನುವಾಗ ಅವಳ ದನಿ ಯಾಕೆ ನಡುಗುತ್ತದೆ, ಹೇಳಿದ್ದಕ್ಕೆ ಹೀಗಾಯಿತೋ, ಹೇಳದೆ ಇದ್ದದ್ದಕ್ಕೆ ಹೀಗಾಯಿತೋ, ಮೊದಲು ಯಾವುದಾಯಿತು, ಕೈ ಜಾರಿದ್ದೋ ತಾನು ಕಿರುಚಿದ್ದೋ, ಕೈ ಜಾರಿದ್ದೇ ಮೊದಲು, ಅಲ್ಲವೆ, ಕೈಯೇ ಮೊದಲು, ನೆನಪಾಗುತ್ತಿಲ್ಲ, ಕರಡಿಗೆ ಜೋತುಬಿದ್ದು ಇವರ ಹಣೆಗೆ ತಾಗುತ್ತಿದೆ, ಎಡಗೈ ಅವಳ ಮೊಣಕಾಲಿನ ಮೇಲಿದೆ, ಮಲ್ಲಿಗೆ ಹೂವಿನಷ್ಟೂ ಭಾರವಿಲ್ಲ, ಬಿಚ್ಚಿದ ಅಂಗೈ, ಹುಣಸೆ ಎಸಳು, ಇಲ್ಲ, ಅದು ಮಾವನವರದು, ಇದು ಇವರದು, ಇದರಲ್ಲಿ ಏನೂ ಇಲ್ಲ, ತನ್ನ ಎರಡು ಬೆರಳನ್ನು ಅದರಲ್ಲಿಟ್ಟಳು, ಹಿಡ್ಕಳ್ರೀ, ಬಿಟ್ಟೆ ಅನ್ನೋದೂ ಬ್ಯಾಡ, ಯಾಕೆ ಹೇಳ್ದೆ ಅಂತ ಬೈದ್ರೂ ಸರಿ, ಒಂದ್ಸಲ ಮುಚ್ರೀ — ಬೆರಳು ಅಲ್ಲಾಡಿತು, ಇಲ್ಲ, ಅಲ್ಲಾಡಿಸಿದ್ದು ಜೀಪು, ಬಿಚ್ಚಿದ ಅಂಗೈ, ಮುಚ್ರೀ, ಬಿಚ್ಚಿದ ಅಂಗೈ, ಅದರೊಳಗೆ ತನ್ನ ಎರಡು ಬೆರಳು, ಬಿಚ್ಚಿದ ಅಂಗೈ