ಪೆಡಲ್ ಕೆಳಗಿನ ತುಂಡು

ನಾನು ಒಂದು ಮರದ ತುಂಡು. ಅಂಗೈ ಅಗಲ ಇದ್ದೇನೆ, ಜಾತಿಯಲ್ಲಿ ಜಾಲಿ. ನನ್ನಂಥವನಿಗೆ ಆತ್ಮಕಥೆ ಯಾಕೆ ಎಂದು ನೀವು ಕೇಳಬಹುದು. ಹೇಳಿಕೊಳ್ಳುವಂಥ ಸಾಧನೆ ಯಾವುದೂ ಇಲ್ಲ. ಒಂದು ತಪ್ಪಿದೆ, ಅದನ್ನು ಹೇಳಬೇಕು.

ಹುಬ್ಬಳ್ಳಿಯ ಒಂದು ಸಾಮಿಲ್ಲಿನಲ್ಲಿ ಹಲಗೆಗಳೆಲ್ಲ ಲಾರಿಯ ಬಾಡಿ ಕಟ್ಟಲು ಹೋದವು, ನಾನು ಮಿಕ್ಕ ಚೂರಾಗಿ ಹೊಟ್ಟಿನಲ್ಲಿ ಬಿದ್ದಿದ್ದೆ. ಲಾರಿ ಮಾಲೀಕನ ಕಣ್ಣಿಗೆ ಬಿದ್ದೆ. ಡ್ರೈವರ್ ಪೂರ್ತಿ ಆಕ್ಸಿಲರೇಟರ್ ಒತ್ತಿ ಡೀಸೆಲ್ ಸುಡಬಾರದೆಂದು ಆತ ನನ್ನನ್ನು ಪೆಡಲಿನ ಕೆಳಗೆ ಇಟ್ಟು ಎರಡು ಸ್ಕ್ರೂ ಬಿಗಿಸಿದ. ತಡೆಯುವುದೇ ನನ್ನ ಹುಟ್ಟಿನ ಉದ್ಯೋಗವಾಯಿತು.

ನಾನು ಮೊದಲು ಕಂಡ ಮನುಷ್ಯ ಎಂದರೆ ಒಂದು ಬಲಗಾಲು. ಒಡೆದ ಹಿಮ್ಮಡಿ, ಹೆಬ್ಬೆರಳಿನ ಉಗುರು ಕಪ್ಪು. ಡ್ರೈವರ್ ದಾವಲಸಾಬ ಚಪ್ಪಲಿ ಕಳಚಿಟ್ಟೇ ಗಾಡಿ ಓಡಿಸುತ್ತಿದ್ದ. ಘಟ್ಟ ಹತ್ತುವಾಗೆಲ್ಲ ನನಗೆ ಬೈಗುಳದ ಸುರಿಮಳೆ. ಆದರೂ ಏಳು ವರ್ಷ ನಾವಿಬ್ಬರೂ ಕೂಡಿ ಬಾಳಿದೆವು. ಗಾಡಿಯ ಹಸಿವು, ಆಯಾಸ, ಗಾಲಿ ಜಾರುವ ಹೊತ್ತು ಎಲ್ಲವೂ ಆ ಪಾದಕ್ಕೆ ತಿಳಿಯುತ್ತಿತ್ತು. ಅಷ್ಟು ಸೂಕ್ಷ್ಮವಾದ ಕಾಲನ್ನು ನಾನು ಮತ್ತೆ ಕಂಡಿಲ್ಲ.

ಲಾರಿ ಗುಜರಿಗೆ ಹೋದ ದಿನ ದಾವಲಸಾಬ ನನ್ನನ್ನು ಬಿಚ್ಚಿಕೊಂಡು ಗೆಳೆಯ ಮಾನಪ್ಪ ಬಡಿಗೇರನ ಪಂಪ್ ರೂಮಿಗೆ ತಂದ. ಮಾನಪ್ಪ ಎಂಜಿನ್ನಿಗೆ ಡೀಸೆಲ್ ಊಡುವ ಪಂಪುಗಳ ರಿಪೇರಿ ಮೇಸ್ತ್ರಿ.

"ನೋಡಪಾ, ಏಳು ವರ್ಷ ನನ್ನ ಕಾಲು ಕಟ್ಟಿ ಹಾಕಿದ್ದು ಇದ," ಎಂದು ನನ್ನನ್ನು ಟೇಬಲ್ಲಿನ ಮೇಲೆ ಒಗೆದ. ಇಬ್ಬರೂ ನಕ್ಕರು. ನಾನು ಡ್ರಾಯರ್ ಸೇರಿದೆ.

ಆ ವರ್ಷ ಮಾನಪ್ಪನಿಗೆ ಡ್ರ್ಯಾಗ್ ರೇಸಿನ ಹುಚ್ಚು ಹಿಡಿದಿತ್ತು. ಹಳೆಯ ಡೀಸೆಲ್ ಪಿಕಪ್ ಒಂದನ್ನು ತಂದು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಲಾರಿಯ ಟರ್ಬೊ ಕೂಡಿಸಿ, ಪಂಪ್ ಬಿಚ್ಚಿ ಕಟ್ಟಿ, ಎಂಜಿನ್ನಿಗೆ ರಾಕ್ಷಸ ಬಲ ತುಂಬಿದ. ನೇರ ದಾರಿಯಲ್ಲಿ ಕಾಲು ಮೈಲಿ ಓಡಬೇಕು, ಮೊದಲು ಮುಟ್ಟಿದವನು ಗೆದ್ದ. ಓಡಿಸಲು ದಾವಲಸಾಬ. ಆಚೆ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲಲು ಮಾನಪ್ಪನ ತಮ್ಮ ಕಾಳಪ್ಪ. ಊರಾಚೆ ಬಳಕೆ ತಪ್ಪಿದ ವಿಮಾನದ ರನ್‌ವೇಯೇ ಇವರ ಅಂಗಳ.

ಮೊದಲ ದಿನ ಪೆಡಲ್ ಒತ್ತಿದ್ದೇ ತಡ, ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿದವಂತೆ. ಕಾಳಪ್ಪ ಅಷ್ಟು ದೂರದಿಂದ ನಡೆದು ಬಂದು ಹೇಳಿದನಂತೆ, "ಅಣ್ಣಾ, ಹೊಗಿ ಬಂತು. ಗಾಡಿ ಬರಲಿಲ್ಲ."

ಬಲ ಎಷ್ಟಿದ್ದರೇನು, ನೆಲ ಅದನ್ನು ಹಿಡಿದುಕೊಳ್ಳಬೇಕಲ್ಲ. ಮಾನಪ್ಪ ಹಿಂದೆ ಮರಳಿನ ಚೀಲ ಹೇರಿದ, ಟೈರಿನ ಗಾಳಿ ಇಳಿಸಿದ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಟರ್ಬೊ ಉಸಿರು ತುಂಬಿಕೊಂಡೊಡನೆ ಬಲವೆಲ್ಲ ಒಮ್ಮೆಗೇ ನುಗ್ಗಿ ಗಾಲಿ ಹಿಡಿತ ಬಿಡುತ್ತಿತ್ತು. ಆಗ ದಾವಲಸಾಬನಿಗೆ ನನ್ನ ನೆನಪಾಯಿತು.

"ಪೂರ್ತಿ ಒತ್ತಬ್ಯಾಡ ಅಂದ್ರ ಮನಷ್ಯಾನ ಕಾಲು ಕೇಳಂಗಿಲ್ಲ ಮಾನಪ್ಪಾ. ಆ ತುಂಡು ತಗಿ."

ಮಾನಪ್ಪ ನನ್ನನ್ನು ಅಡ್ಡಕ್ಕೆ ಸೀಳಿ ಎರಡು ಮಾಡಿದ. ದಪ್ಪಗಿನವನು ನಾನು, ತೆಳ್ಳಗಿನವನು ನನ್ನ ತಮ್ಮ. ಬೆಳಗಿನ ತಂಪು ನೆಲದಲ್ಲಿ ಹಿಡಿತ ಕಡಿಮೆ, ಆಗ ನಾನು. ಬಿಸಿಲೇರಿ, ಓಡಿದ ಗಾಡಿಗಳ ರಬ್ಬರು ನೆಲಕ್ಕೆ ಅಂಟಿ ಹಿಡಿತ ಹೆಚ್ಚಿದ ಮೇಲೆ ತಮ್ಮ. ಮಾನಪ್ಪ ಬೂಟು ಕಳಚಿ ಬರಿಗಾಲಲ್ಲಿ ಡಾಂಬರು ತುಳಿದು ನೋಡಿ ನಮ್ಮಲ್ಲೊಬ್ಬನನ್ನು ಆರಿಸುತ್ತಿದ್ದ. ಬೇರೆಯವರು ಎಂಜಿನ್ನಿನ ಬಲ ಹೊಂದಿಸಲು ಲ್ಯಾಪ್‌ಟಾಪ್ ಹಚ್ಚಿಕೊಂಡು ಕೂತಿರುವಾಗ ಇವನು ಮರದ ಚೂರು ಬದಲಿಸುವುದನ್ನು ಕಂಡು ಜನ ನಗುತ್ತಿದ್ದರು. ಪಿಕಪ್ ಗೆಲ್ಲತೊಡಗಿದ ಮೇಲೆ ನಗು ನಿಂತಿತು. ನನಗೂ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಆದರೆ ಓಟದಿಂದ ಓಟಕ್ಕೆ ಬದಲಿಸಬೇಕಲ್ಲ, ಅದಕ್ಕೆ ಮಾನಪ್ಪ ಸ್ಕ್ರೂ ಹೊಡೆಯಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟುತ್ತಿದ್ದ. ನನ್ನ ಎರಡು ಸ್ಕ್ರೂ ತೂತುಗಳು ಖಾಲಿ ಇದ್ದವು.

ಆ ಭಾನುವಾರ ಬೆಳಿಗ್ಗೆ ದಾವಲಸಾಬ ಕಾಲಿಟ್ಟೊಡನೆ ನಾನು ಕೊಂಚ ಅಲುಗಿದೆ. ಅವನಿಗೆ ತಿಳಿಯಿತು.

"ಮಾನಪ್ಪಾ, ಇದು ಸಡಲ ಆಗೇತಿ. ಎರಡು ಸ್ಕ್ರೂ ಹೊಡಿಯೋ."

"ಮುಂದಿನ ಓಟಕ್ಕ ಹೊಡಿತೀನಿ. ಈಗ ಲೈನಿಗೆ ಹೋಗು, ಕರ್ಯಾಕತ್ಯಾರ."

ಗಾಡಿ ಚಿಮ್ಮಿತು. ಟ್ಯೂಬು ಹರಿಯಿತು. ಚಿಮ್ಮಿದ ರಭಸಕ್ಕೆ ನಾನು ಹಿಂದೆ ಜಾರಿ ಸೀಟಿನ ಅಡಿಗೆ ಹೋದೆ. ಅಲ್ಲೇ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು. ಕಾಲು ಮೈಲಿ ಮುಗಿದು ದಾವಲಸಾಬ ಆಕ್ಸಿಲರೇಟರ್ ಬಿಟ್ಟ, ಗಾಡಿಯ ವೇಗ ತಗ್ಗಿತು, ನಾನು ಮುಂದಕ್ಕೆ ಜಾರಿದೆ. ಜಾರಿ ನೇರವಾಗಿ ಬ್ರೇಕಿನ ಕೆಳಗೆ ಹೋಗಿ ನಿಂತೆ.

ಆ ಕಾಲು ಬ್ರೇಕ್ ಒತ್ತಿತು. ಪೆಡಲ್ ಒಂದು ಬೆರಳು ಇಳಿದು ನನ್ನ ಮೇಲೆ ಕೂತಿತು. ಎತ್ತಿ ಮತ್ತೆ ಒತ್ತಿತು. ಮೂರನೇ ಸಲ ಇಡೀ ಮನುಷ್ಯನೇ ಆ ಕಾಲಿನ ಮೇಲೆ ಎದ್ದು ನಿಂತ. ನಾನು ಜಾಲಿ, ಮುರಿಯಲಿಲ್ಲ. ಮೆತ್ತನೆಯ ಮರವಾಗಿದ್ದರೆ ಅಂದು ಪುಡಿಯಾಗಿ ದಾರಿ ಬಿಡುತ್ತಿದ್ದೆ. ಗಾಡಿ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಹಾಯಿತು. ಗಾಡಿಗಳು ಅಲ್ಲಿಯವರೆಗೆ ಎಂದೂ ಬರುವುದಿಲ್ಲವೆಂದು ದಿಬ್ಬದ ಮುಂದೆ ಸ್ಟಾಪ್‌ವಾಚ್ ಹಿಡಿದು ಕಾಳಪ್ಪ ನಿಂತಿದ್ದ.

ಅವನ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು.

ಓಡಿಬಂದ ಮಾನಪ್ಪ ಮೊದಲು ಕಾಳಪ್ಪನನ್ನು ಎತ್ತಿ ಆಂಬುಲೆನ್ಸಿಗೆ ಕಳಿಸಿದ. ಆಮೇಲೆ ಎಚ್ಚರ ತಪ್ಪಿದ್ದ ದಾವಲಸಾಬನನ್ನು ಹೊರಗೆಳೆದ. ಆಗ ಬ್ರೇಕಿನ ಕೆಳಗೆ ನನ್ನನ್ನು ಕಂಡ. ಒಂದು ಗಳಿಗೆ ನೋಡಿದ. ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಆಮೇಲೆ ರೇಸಿನವರು ಗಾಡಿ ನೋಡಿದರು. ಬ್ರೇಕು ಸರಿಯಾಗಿತ್ತು. "ನಾ ಒತ್ತಿದ್ನೆಪಾ, ಪೆಡಲ್ ಕಲ್ಲಾಗಿತ್ತು," ಎಂದು ದಾವಲಸಾಬ ಎಲ್ಲರಿಗೂ ಹೇಳಿದ. ಅವರು ಮಾನಪ್ಪನ ಮುಖ ನೋಡಿದರು.

"ಬ್ರೇಕ್ ಸರಿ ಅದಾವು," ಎಂದ ಮಾನಪ್ಪ.

ಅದು ನಿಜವೇ ಆಗಿತ್ತು. ಅಂಥ ಕೆಟ್ಟ ನಿಜವನ್ನು ನಾನು ಬೇರೆ ಕೇಳಿಲ್ಲ. ವಯಸ್ಸಾಯಿತು, ಮುದುಕನ ಕಾಲು ಮರಗಟ್ಟಿತು ಎಂದು ಜನ ಆಡಿಕೊಂಡರು. ಕೇಳಿ ಕೇಳಿ ದಾವಲಸಾಬನೂ ನಂಬಿದ. ಗಾಡಿ ಮುಟ್ಟುವುದನ್ನೇ ಬಿಟ್ಟ.

ಮಾನಪ್ಪನಿಗೆ ನನ್ನನ್ನು ಒಲೆಗೆ ಹಾಕಲು ಮನಸ್ಸು ಬರಲಿಲ್ಲ, ಕಣ್ಣೆದುರು ಇಟ್ಟುಕೊಳ್ಳಲು ಧೈರ್ಯವಿರಲಿಲ್ಲ. ಪಂಪ್ ಟೆಸ್ಟ್ ಮಾಡುವ ಟೇಬಲ್ಲಿನ ಕುಂಟು ಕಾಲಿನ ಕೆಳಗೆ ತುರುಕಿದ. ಆರು ವರ್ಷ ಅಲ್ಲಿದ್ದೆ. ಪ್ರತಿ ಶುಕ್ರವಾರ ನಮಾಜು ಮುಗಿಸಿ ದಾವಲಸಾಬ ಬರುತ್ತಿದ್ದ. ಈಗ ಅಲ್ಲೇ ಲೆಕ್ಕ ಬರೆಯುತ್ತಿದ್ದ ಕಾಳಪ್ಪನಿಗೆ ಬಾಳೆಹಣ್ಣೋ ಖಾರದ ತಿಂಡಿಯೋ ತಂದು ಕೌಂಟರಿನ ಮೇಲಿಟ್ಟು ಬಾಗಿಲ ಹತ್ತಿರ ಮುದುಡಿ ಕೂರುತ್ತಿದ್ದ. "ಬಾ ಕಾಕಾ," ಎನ್ನುತ್ತಿದ್ದ ಕಾಳಪ್ಪ, ಮುಖ ಮಾತ್ರ ರಸ್ತೆಯ ಕಡೆ. ನಾನು ಅವರ ಪಾದಗಳನ್ನು ನೋಡುತ್ತಿದ್ದೆ. ಮೂರು ಜನರಿಗೆ ಐದು ಪಾದ. ನನಗೆ ಬಾಯಿದ್ದಿದ್ದರೆ ಮೊದಲ ಶುಕ್ರವಾರವೇ ಕೂಗಿಬಿಡುತ್ತಿದ್ದೆ.

ಕಳೆದ ವರ್ಷ ಒಂದು ಶುಕ್ರವಾರ ದಾವಲಸಾಬ ತಾನಾಗಿಯೇ ಮಾತು ತೆಗೆದ. "ಶಮೀಮ ಗೂಡ್ಸ್ ಆಟೊ ತಗೊಂಡಾಳ. ಅಪ್ಪಾ, ನೀನ ಹೊಡಿ ಅಂತಾಳ. ಒಲ್ಲೆ ಅಂದೆ. ಮಗಳನ್ನ ಕೂಡ್ರಿಸ್ಕೊಂಡು ಹೊಡಿಯೂವಷ್ಟು ಈ ಕಾಲಿನ ಮ್ಯಾಲ ನನಗ ನಂಬಿಕಿ ಇಲ್ಲ."

ಮಾನಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಅವನು ಬಗ್ಗಿ, ಟೇಬಲ್ ಎತ್ತಿ, ನನ್ನನ್ನು ಎಳೆದ. ಅಂಗಿಯ ತುದಿಯಿಂದ ಧೂಳು ಒರೆಸಿ ಗೆಳೆಯನ ಕೈಗೆ ಕೊಟ್ಟ. ನನ್ನ ಮೈಮೇಲೆ ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಒತ್ತಿದ್ದವು. ಒಂದರ ಮೇಲೊಂದು, ಮೂರು ಸಲ.

"ಬ್ರೇಕಿನ ಬುಡಕ್ಕಿತ್ತು. ಅವತ್ತ ಸಿಕ್ಕಿತ್ತು ನನಗ," ಎಂದ ಮಾನಪ್ಪ.

ದಾವಲಸಾಬ ಗೆರೆಗಳ ಮೇಲೆ ಬೆರಳಾಡಿಸಿದ. ಚಪ್ಪಲಿ ಕಳಚಿ, ನನ್ನನ್ನು ನೆಲಕ್ಕಿಟ್ಟು, ಬಲಗಾಲನ್ನು ನನ್ನ ಮೇಲಿಟ್ಟು ಒತ್ತಿದ. ಅದೇ ಒಡೆದ ಹಿಮ್ಮಡಿ.

"ನಾ ಒತ್ತಿದ್ದೆ," ಎಂದ. ಅಷ್ಟೇ ಹೇಳಿ ಅಳತೊಡಗಿದ.

ಕಾಳಪ್ಪ ಊರುಗೋಲು ಮರೆತು, ಕೌಂಟರ್ ಹಿಡಿದು ಕುಂಟುತ್ತಾ ಬಂದು ಮುದುಕನ ಭುಜ ಹಿಡಿದ. "ಆರು ವರ್ಷ ನಿನ್ನ ಮಾರಿ ನೋಡಲಿಲ್ಲಲ್ಲೋ ಕಾಕಾ ನಾನು," ಎಂದ. ಅಣ್ಣನ ಕಡೆ ಅವನು ತಿರುಗಲಿಲ್ಲ. ಮಾನಪ್ಪ ಅಲುಗುವ ಟೇಬಲ್ ಹಿಡಿದುಕೊಂಡು ನಿಂತೇ ಇದ್ದ.

ಈಗ ನಾನು ಶಮೀಮಳ ಆಟೊ ನಿಂತಾಗ ಜಾರದಂತೆ ಗಾಲಿಗೆ ಕೊಡುವ ಅಡ್ಡತುಂಡು. ಓಡಿಸುವವನು ದಾವಲಸಾಬ. ಪಂಪ್ ರೂಮಿನ ಮುಂದೆ ಹಾಯುವಾಗ ಕಾಳಪ್ಪನಿಗೊಂದು ಹಾರ್ನ್ ಹೊಡೆಯುತ್ತಾನೆ, ನಿಲ್ಲಿಸುವುದಿಲ್ಲ. ಒಳಗೆ ಮಾನಪ್ಪ ಇರುತ್ತಾನೆ. ಅವನ ಬಗ್ಗೆ ನನಗೆ ಸಿಟ್ಟಿಲ್ಲ. ಆ ಕೆಲಸವನ್ನು ನಾವಿಬ್ಬರೂ ಕೂಡಿಯೇ ಮಾಡಿದ್ದು. ನನಗೆ ಆಟೊದ ಜತೆ ಊರು ಸುತ್ತುವ ಭಾಗ್ಯ ಸಿಕ್ಕಿತು, ಅವನಿಗೆ ಆ ಟೇಬಲ್ ಉಳಿಯಿತು.

ದಾವಲಸಾಬ ನನ್ನ ಹಳೆಯ ಸ್ಕ್ರೂ ತೂತಿನಲ್ಲಿ ತಂತಿ ಪೋಣಿಸಿ, ಓಡುವಾಗ ಆಟೊದ ಕಬ್ಬಿಣಕ್ಕೆ ಬಿಗಿಯುತ್ತಾನೆ. ದಿನಾ ಹೊರಡುವ ಮೊದಲು ಎರಡು ಸಲ ಎಳೆದು ನೋಡುತ್ತಾನೆ, ಆಮೇಲೆ ಮಗಳಿಗೆ "ಹತ್ತು" ಎನ್ನುತ್ತಾನೆ.