ಬಿಟ್ಟಿಯ ಪಾಳಿ

ರೇವಪ್ಪನ ಅಣ್ಣ ತೀರಿಕೊಂಡಾಗ ಅವನ ಮಗ ವೈಜಿನಾಥ ಇನ್ನೂ ಚಿಕ್ಕ ಹುಡುಗ. ಊರ ಪಾಟೀಲ್ಕಿ ಹುಡುಗನ ಹೆಸರಿಗೇ ಬಂದರೂ, ಅವನು ದೊಡ್ಡವನಾಗುವವರೆಗೆ ಅದನ್ನು ನಡೆಸಿದವನು ಕಾಕಾ ರೇವಪ್ಪ. ನಡೆಸುತ್ತ ನಡೆಸುತ್ತ ಅದು ತನ್ನದೇ ಎಂದುಕೊಂಡುಬಿಟ್ಟ. ಝರಾಸಂಗಂ ಕಡೆಯ ಆ ಸಣ್ಣ ಊರಿನಲ್ಲಿ ಅವನು ಕೆಮ್ಮಿದರೆ ಸಾಕು, ಚಾವಡಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಈಗ ಹುಡುಗನಿಗೆ ಮೀಸೆ ಬಂದಿತ್ತು, ಪಾಟೀಲ್ಕಿ ಕಾಕಾನ ಕೈ ಬಿಟ್ಟಿತ್ತು. ರೇವಪ್ಪನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಹೋಗಲಿ, ಬಂದವನಾದರೂ ಗತ್ತಿನಿಂದ ಇದ್ದನೇ? ನಿಜಾಮನ ಅಧಿಕಾರಿಗಳು ಊರಿಗೆ ಬಂದರೆ ಕಟ್ಟಿಗೆ, ಹುಲ್ಲು ಒದಗಿಸುವ, ಸಾಮಾನು ಹೊರುವ ಬಿಟ್ಟಿ ಚಾಕರಿ ಯಾವಾಗಲೂ ಕೆಳಗಿನ ಕೇರಿಯವರ ಪಾಲು. ವೈಜಿನಾಥ ಅದನ್ನು ಇಡೀ ಊರಿಗೆ ಹಂಚಿದ, ಮನೆಗೊಂದು ಪಾಳಿ. ಯಾರ ಪಾಳಿ ಯಾವಾಗ ಎಂದು ಹೇಳುವ ಅಧಿಕಾರವನ್ನು ಆ ಕೇರಿಯ ಮೊಗಲಪ್ಪನಿಗೇ ಕೊಟ್ಟ. ಮೊದಲ ಪಾಳಿ ತನ್ನದೇ ಎಂದು ತಹಶೀಲ್ದಾರನ ಮಂಚವನ್ನು ತಲೆಯ ಮೇಲೆ ಹೊತ್ತು ಊರ ನಡುವೆಯೇ ನಡೆದ. ಊರು ಬಿದ್ದು ಬಿದ್ದು ನಗುವುದನ್ನು ನೋಡಲು ರೇವಪ್ಪ ಕಟ್ಟೆಯ ಮೇಲೆ ಕೂತಿದ್ದ. ಯಾರೂ ನಗಲಿಲ್ಲ. ಮುದುಕರು ದಾರಿ ಬಿಟ್ಟು ನಿಂತು ಕೈ ಮುಗಿದರು. ಮಂಚ ಹೊತ್ತವನಿಗೆ! ಅಂದು ಹತ್ತಿದ ಹೊಟ್ಟೆಕಿಚ್ಚು ರೇವಪ್ಪನನ್ನು ಮತ್ತೆ ಬಿಡಲೇ ಇಲ್ಲ.

ಬೇಸಿಗೆಯಲ್ಲಿ ಕಂದಾಯದ ಲೆಕ್ಕ ನೋಡುವ ಹೊಸ ಗಿರ್ದಾವರ ಕುದುರೆ ಏರಿ ತಪಾಸಣೆಗೆ ಬಂದ. ವೈಜಿನಾಥ ಹೊಲದಲ್ಲಿದ್ದ. ಚಾವಡಿಯಲ್ಲಿ ಜರಿಯ ರುಮಾಲು ಸುತ್ತಿ ಕೂತಿದ್ದ ರೇವಪ್ಪನನ್ನು ಕಂಡು, "ಪಾಟೀಲ್ ನೀನೇ ಏನು?" ಎಂದ.

ರೇವಪ್ಪನ ಎದೆ ಉಬ್ಬಿತು. "ಹೌದ್ರಿ ಸಾಹೇಬ್ರ, ನಾನೇ."

"ಕಟ್ಟಿಗಿ, ಹಾಲು, ಕುದುರಿಗಿ ಹುಲ್ಲು. ಜಲ್ದಿ ತರಸು!"

ರೇವಪ್ಪ ತನ್ನ ಹಳೆಯ ದನಿ ತೆಗೆದ. "ಏ ಮೊಗಲ್ಯಾ, ಕಿವಿ ಕೇಳ್ಸಲ್ಲೇನು? ಓಡು!"

ಮೊಗಲಪ್ಪ ಕದಲಲಿಲ್ಲ. "ಇವತ್ತಿನ ಪಾಳಿ ನಿಮ್ಮ ಮನೀದು ಅದರಿ, ದಣೀ. ಮುಂಜಾನಿನೇ ಬಂದು ಶಕುಂತಲಾಬಾಯಿಯವರಿಗಿ ಹೇಳಿ ಹೋಗೀನಿ."

ರೇವಪ್ಪನ ಹೆಂಡತಿ ಈ ಮಾತನ್ನು ಗಂಡನಿಗೆ ತಿಳಿಸಿಯೂ ಇದ್ದಳು. ಅವನೇ ಕಿವಿಗೆ ಹಾಕಿಕೊಂಡಿರಲಿಲ್ಲ. ನಿಂತವರಲ್ಲಿ ಒಬ್ಬರೂ ಅಲುಗಾಡಲಿಲ್ಲ.

"ನಿನ್ನ ಮಾತಿಗಿ ಊರಾಗ ಇಷ್ಟೇ ಕಿಮ್ಮತ್ತೇನು?" ಗಿರ್ದಾವರ ಚಾಬೂಕು ಎತ್ತಿದ.

ಅಷ್ಟರಲ್ಲಿ ಸುದ್ದಿ ಕೇಳಿ ಹೊಲದಿಂದ ಓಡಿಬಂದ ವೈಜಿನಾಥ ಇಬ್ಬರ ನಡುವೆ ನಿಂತ. "ಪಾಟೀಲ ನಾನ್ರಿ. ತಪ್ಪು ನಂದದ. ಕಾಕಾ ಹಿರೇರು, ಅವರಿಗಿ ಬ್ಯಾಡ್ರಿ."

ಏಟು ಅವನ ಹೆಗಲಿಗೆ ಬಿತ್ತು.

ಆಮೇಲೆ ಯಾರಿಗೂ ಯಾರೂ ಏನೂ ಹೇಳಬೇಕಾಗಲಿಲ್ಲ. ಮೊಗಲಪ್ಪ ಹುಲ್ಲಿಗೆ ಓಡಿದ, ಇನ್ನೊಬ್ಬ ಹಾಲಿಗೆ. ಪಾಳಿ ಯಾರದು ಎಂದು ಒಬ್ಬನೂ ಕೇಳಲಿಲ್ಲ. ಆ ಏಟಿನ ಮೇಲೂ ರೇವಪ್ಪನಿಗೆ ಹೊಟ್ಟೆಕಿಚ್ಚಾಯಿತು. ಅದು ತನಗೆ ಬಿದ್ದಿದ್ದರೆ ಒಬ್ಬನಾದರೂ ಹೀಗೆ ಓಡುತ್ತಿದ್ದನೇ?

ಆಗ ಎಂದೂ ಚಾವಡಿ ಮೆಟ್ಟದ ಶಕುಂತಲಾಬಾಯಿ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಬಂದಳು. ರೇವಪ್ಪ ಅಡ್ಡ ಹೋಗಿ, "ನನ್ನ ಮಾನ ಕಳೀಬ್ಯಾಡ, ಮನೀಗಿ ನಡಿ," ಎಂದು ಹಲ್ಲು ಕಡಿದ. ಆಕೆ ಅವನನ್ನು ಸುತ್ತುಹಾಕಿ ಮುಂದೆ ಹೋಗಿ, ತಾನೇ ಎತ್ತಿ ಆಡಿಸಿದ ಹುಡುಗನ ಎದುರು ನಿಂತಳು.

"ನಮ್ಮ ಮನೀ ಪಾಳಿ ತಂದೀನ್ರಿ, ಪಾಟೀಲ್ರ."

ಹೊರೆ ಇಳಿಸಲು ಊರೇ ಮುಂದೆ ಬಂತು. ಕೈ ಹಚ್ಚದೆ ಉಳಿದವನು ರೇವಪ್ಪ ಒಬ್ಬನೇ.